ತೆಗೆದದ್ದು, ತೆಗೆಸಿಕೊಂಡದ್ದು

ನಮ್ಮ ಕಡೆ ಫೋಟೋ ಹೊಡೆಯುತ್ತಾರೆ. ಸ್ವಲ್ಪ ನಯವಾಗಿ ಮಾತಾಡುವವರು ತೆಗೆಯುತ್ತಾರೆ. ಪತ್ರಿಕೆಯವರಾದರೆ ಸೆರೆಹಿಡಿಯುತ್ತಾರೆ. ಹೊಡೆಯುವುದು, ತೆಗೆಯುವುದು, ಸೆರೆಹಿಡಿಯುವುದು: ಮೂರರಲ್ಲಿ ಒಂದೂ ಸಾಧುವಾದ ಕೆಲಸದ ಹೆಸರಲ್ಲ. ಕ್ಯಾಮೆರಾ ಕೊಂಡು ಎರಡು ವರ್ಷವಾಗುವವರೆಗೆ ಇದು ನನಗೆ ಹೊಳೆದಿರಲಿಲ್ಲ. ಹೊಳೆಯುವಂತೆ ಮಾಡಿದ್ದು ಒಂಬತ್ತನೇ ತರಗತಿಯ ಒಬ್ಬ ಹುಡುಗಿ.

ನಾನು ಹರಪನಹಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಬೆಳಕಿನ ಪಾಠವನ್ನು ಹದಿನಾರು ವರ್ಷದಿಂದ ಮಾಡುತ್ತಿದ್ದೇನೆ. ಪೀನ ಮಸೂರದ ಮುಂದೆ ಮೇಣದಬತ್ತಿ ಹಚ್ಚಿಟ್ಟು, ಹಿಂದೆ ಬಿಳಿ ರಟ್ಟು ಹಿಡಿದು, ಜ್ವಾಲೆಯ ಬಿಂಬ ಮೂಡುವವರೆಗೆ ಹಿಂದೆ ಮುಂದೆ ಸರಿಸುವುದು. ಪರದೆಯ ಮೇಲೆ ಹಿಡಿಯಬಹುದಾದದ್ದು ಸತ್ಯ ಪ್ರತಿಬಿಂಬ, ಹಿಡಿಯಲಾಗದ್ದು ಮಿಥ್ಯ ಪ್ರತಿಬಿಂಬ ಎಂದು ಬರೆಸುವುದು. ರಟ್ಟಿನ ಮೇಲೆ ಜ್ವಾಲೆ ತಲೆಕೆಳಗಾಗಿ ಕಾಣುತ್ತದಲ್ಲ, ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಾರೆ: "ಸತ್ಯ ಯಾಕ್ ಸರ್ ತಲೆಕೆಳಗೈತಿ?" ತರಗತಿ ನಗುತ್ತದೆ, ನಾನೂ ನಗುತ್ತೇನೆ. ಪಾಠ ಮುಂದೆ ಹೋಗುತ್ತದೆ.

ಇಷ್ಟು ವರ್ಷ ಮಸೂರದ ಬಗ್ಗೆ ಮಾತಾಡಿದವನು ಒಂದು ಚಿತ್ರವನ್ನಾದರೂ ನೆಟ್ಟಗೆ ತೆಗೆಯಬೇಡವೇ ಎನಿಸಿ, ಮದುವೆ ಫೋಟೋ ತೆಗೆಯುವ ಹುಡುಗನೊಬ್ಬನಿಂದ ಹಳೆಯ ಕೆನಾನ್ ಕ್ಯಾಮೆರಾ ಕೊಂಡೆ. ಜೊತೆಗೆ ಎರಡು ಲೆನ್ಸು: ಒಂದು 50 ಎಂಎಂನದ್ದು, ಬೊಗಸೆಯಲ್ಲಿ ಹಿಡಿಸುವಷ್ಟು ಚಿಕ್ಕದು, ಇನ್ನೊಂದು 55ರಿಂದ 250ರವರೆಗೆ ಹಿಗ್ಗುವ ಉದ್ದನೆಯದು. ಉದ್ದನೆಯದನ್ನು ತಗುಲಿಸಿಕೊಂಡು ಬೀದಿಗೆ ಹೋದರೆ ಜನ ದಾರಿ ಬಿಡುತ್ತಿದ್ದರು. ಆ ಮರ್ಯಾದೆ ನನಗೆ ಹಿಡಿಸಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಒಬ್ಬನೇ ಕಲಿಯಲು ಆಗಲಿಲ್ಲ. ಹಾಗೆ ಸಿಕ್ಕಿದ್ದೇ ಭಾನುವಾರದ ಗುಂಪು. ಹೆಸರಿಲ್ಲದ, ಪದಾಧಿಕಾರಿಗಳಿಲ್ಲದ, ಹಣ ಕೂಡಿಸದ ಗುಂಪು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ, ಗೊಬ್ಬರದಂಗಡಿಯ ಹುಡುಗ, ಒಬ್ಬ ಬಸ್ ಕಂಡಕ್ಟರ್, ಆಸ್ಪತ್ರೆಯ ನರ್ಸ್ ಒಬ್ಬರು, ಕಾಲೇಜು ಓದುವ ಮೂರ್ನಾಲ್ಕು ಜನ, ನಾನು. ನಮ್ಮೆಲ್ಲರಿಗೂ ಹಿರಿಯರೆಂದರೆ ಸ್ಟುಡಿಯೋ ಕಾಕಾ. ಕಪ್ಪುಬಿಳುಪಿನ ಕಾಲದಿಂದ ಪೇಟೆಯಲ್ಲಿ ಸ್ಟುಡಿಯೋ ಇಟ್ಟವರು. ಈಗ ಪಾಸ್‌ಪೋರ್ಟ್ ಸೈಜಿನ ಫೋಟೋ, ಝೆರಾಕ್ಸು, ಲ್ಯಾಮಿನೇಷನ್ನು. ಹಿಂದಿನ ಗೋಡೆಗೆ ಸರೋವರದ ಬಣ್ಣದ ಪರದೆ ಇನ್ನೂ ತೂಗುತ್ತಿದೆ, ಅದರ ಹಂಸದ ಕತ್ತು ಸವೆದು ಹೋಗಿದೆ.

ಗುಂಪಿಗೆ ಎರಡೇ ನಿಯಮ. ಎರಡನ್ನೂ ಮಾಡಿದವರು ಕಾಕಾ. ಮೊದಲನೆಯದು, ತಾಲ್ಲೂಕು ದಾಟಬಾರದು. ಎಲ್ಲರಿಗೂ ಹಂಪಿಯ ಕಲ್ಲಿನ ರಥ ಬೇಕು. ಅದನ್ನು ತೆಗೆದವರು ಲಕ್ಷ ಜನ ಇದ್ದಾರೆ, ನಿಮ್ಮೂರಿನ ಒಕ್ಕಲುಮನೆಯ ಕಣ ತೆಗೆದವರು ಒಬ್ಬರೂ ಇಲ್ಲ ಎನ್ನುವುದು ಅವರ ವಾದ. ಎರಡನೆಯದು, ಒಂದು ಬೆಳಗಿಗೆ ಹನ್ನೆರಡೇ ಚಿತ್ರ. ಅವರ ಕಾಲದ 120 ರೋಲಿನ ಚೌಕ ಕ್ಯಾಮೆರಾದಲ್ಲಿ ಬರುತ್ತಿದ್ದುದು ಹನ್ನೆರಡೇ. "ಹದಿಮೂರನೇದು ನೋಡೋದಕ್ಕೆ ಇಟ್ಕೊಳ್ರಿ" ಅನ್ನುತ್ತಿದ್ದರು. ತಾಲ್ಲೂಕು ದಾಟಬಾರದೆಂಬ ನಿಯಮದಲ್ಲಿ ಒಂದು ತಮಾಷೆಯಿದೆ. ನಮ್ಮ ತಾಲ್ಲೂಕು ಇದ್ದಲ್ಲೇ ಇದೆ, ಜಿಲ್ಲೆಗಳು ಅದನ್ನು ದಾಟಿ ಹೋಗುತ್ತಿವೆ. ಬಳ್ಳಾರಿ ಇತ್ತು, 1997ರಲ್ಲಿ ದಾವಣಗೆರೆಯಾಯಿತು, ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಹಾಗಾಗಿ ನಾವು ಹೋಗದಿದ್ದರೂ ಹಂಪಿಯೇ ನಮ್ಮ ಜಿಲ್ಲೆಗೆ ಬಂದುಬಿಟ್ಟಿತು.

ಹೋಗುತ್ತಿದ್ದದ್ದು ಹೆಚ್ಚಾಗಿ ಉಚ್ಚಂಗಿದುರ್ಗಕ್ಕೆ. ಒಂದೇ ಜಾಗಕ್ಕೆ ಹತ್ತಾರು ಸಲ ಹೋಗುವುದರಲ್ಲಿ ಏನು ಸಿಗುತ್ತದೆ ಎಂದು ಮೊದಮೊದಲು ಬೇಸರವಾಗುತ್ತಿತ್ತು. ಆಗ ಬ್ಯಾಂಕಿನ ಅಕ್ಕ ಗ್ರೀನ್‌ಲಾ ಕಥೆ ಹೇಳಿದರು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯದ ಅಧಿಕಾರಿ ಹಂಪಿಯನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಚಿತ್ರಿಸಿದ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವನು ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು ಮತ್ತೆ ತೆಗೆದ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ಗೋಪುರ ಬಿದ್ದಿದೆ, ಯಾವುದನ್ನು ಎತ್ತಿ ಕಟ್ಟಿದ್ದಾರೆ, ಎಲ್ಲಿ ಗಿಡ ಬೆಳೆದಿದೆ ಎಲ್ಲ ತಿಳಿಯುತ್ತದೆ. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎನ್ನುವುದಕ್ಕಿಂತ ಚಿತ್ರಗಾರ ಎಲ್ಲಿ ನಿಂತಿದ್ದ ಎನ್ನುವುದು ಮುಖ್ಯವಾಗುವ ಕೆಲಸ ಅದು. ಈ ಮಾತು ಆಗ ನನಗೆ ಬರೀ ಕಲ್ಲಿನ ಬಗ್ಗೆ ಎಂದೇ ಅರ್ಥವಾಗಿತ್ತು.

ನಾವೂ ದುರ್ಗದಲ್ಲಿ ಆರು ಜಾಗ ಗುರುತು ಮಾಡಿಕೊಂಡೆವು. ಒಂದೊಂದು ಬಾಗಿಲು, ಒಂದು ಹೊಂಡ, ಕೋಟೆಗೋಡೆಯ ಒಂದು ಮೂಲೆ. ಮಳೆಗಾಲದಲ್ಲಿ ಒಮ್ಮೆ, ಚಳಿಯಲ್ಲಿ ಒಮ್ಮೆ, ಯುಗಾದಿಯ ಬಿಸಿಲಲ್ಲಿ ಒಮ್ಮೆ. ನೊಳಂಬವಾಡಿ ಆಳಿದ ಪಾಂಡ್ಯರ ಕೋಟೆಯಿದು. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಬಿಟ್ಟ ಈ ಕೋಟೆಯನ್ನು ಹೊಯ್ಸಳ ಇಮ್ಮಡಿ ವೀರಬಲ್ಲಾಳ ಗೆದ್ದನೆಂದು ಶಾಸನ ಹೊಗಳುತ್ತದೆ. ಗಿರಿದುರ್ಗಮಲ್ಲ, ಶನಿವಾರಸಿದ್ಧಿ ಎಂಬ ಬಿರುದುಗಳು ಅವನಿಗೆ ಬಂದದ್ದು ಇದರಿಂದ. ಶನಿವಾರ ಗೆದ್ದನಂತೆ. ಗೆದ್ದಮೇಲೆ ಶರಣುಬಂದ ಪಾಂಡ್ಯನಿಗೆ ರಾಜ್ಯವನ್ನು ತಿರುಗಿ ಕೊಟ್ಟನೆಂದೂ ಹೇಳುತ್ತಾರೆ. ಶನಿವಾರ ಅರ್ಧ ದಿನ ಶಾಲೆಯಿರುವ ನನ್ನಂಥವನಿಗೆ ಭಾನುವಾರದ ಸಿದ್ಧಿಯೇ ಗತಿ ಎಂದು ಗುಂಪಿನಲ್ಲಿ ನಗಾಡುತ್ತಿದ್ದೆವು.

ನಿಯಮ ಮುರಿದು ತಾಲ್ಲೂಕು ದಾಟಿದ್ದು ಒಂದೇ ಸಲ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ. ಊರ ನೀರಾವರಿಗೆಂದು ಕಟ್ಟಿದ ಕೆರೆ, ನೀರಿನೊಳಗೆ ನಿಂತ ಕರಿಜಾಲಿ ಮರಗಳು, ಮರ ತುಂಬ ಬಣ್ಣದ ಕೊಕ್ಕರೆಗಳ ಗೂಡು. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ನಾವು ಗೂಡಿನ ಹತ್ತಿರ ಹೋಗಲು ನೋಡಿದಾಗ ದಡದಲ್ಲಿದ್ದ ಊರ ಹುಡುಗನೊಬ್ಬ ತಡೆದ. "ಅಣ್ಣಾರ, ಅಲ್ಲಿಗೆ ಹೋಗಬ್ಯಾಡ್ರಿ. ತಾಯಿ ಎದ್ರೆ ಮರಿ ಬಿಸಿಲಿಗೆ ಸಾಯ್ತಾವ. ನಿಮಗ ಫೋಟೋ ಸಿಗ್ತತಿ, ನಮಗ ಹಕ್ಕಿ ಸಿಗಂಗಿಲ್ಲ." ಅವನ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಮಾರನೇ ದಿನ ತರಗತಿಯಲ್ಲಿ ಹೇಳಿದೆ. ಮೂಡಿಗೆರೆಯ ಕಾಡುತೋಟದಲ್ಲಿ ಹಕ್ಕಿಗಾಗಿ ಗಂಟೆಗಟ್ಟಲೆ ಕಾದು ಕೂರುತ್ತಿದ್ದ ತೇಜಸ್ವಿಯವರ ಬಗ್ಗೆಯೂ ಹೇಳಿದೆ. ಚಿತ್ರಕ್ಕಾಗಿ ಜೀವಕ್ಕೆ ತೊಂದರೆ ಕೊಡಬಾರದು ಎಂದು ಬೋರ್ಡಿನ ಮೇಲೆ ಬರೆದದ್ದೂ ನೆನಪಿದೆ.

ಅದಾಗಿ ಎರಡು ತಿಂಗಳಿಗೆ ಭರತ ಹುಣ್ಣಿಮೆ.

ಉಚ್ಚಂಗಿಯ ಯಲ್ಲಮ್ಮನ ಜಾತ್ರೆಯನ್ನು ನೋಡದವರಿಗೆ ಹೇಳುವುದು ಕಷ್ಟ. ಚಿತ್ರದುರ್ಗದ ನಾಯಕರ ಮನೆದೇವತೆಯಾಗಿದ್ದವಳು ಈ ಉಚ್ಚಂಗೆಮ್ಮ. ಹಿಂದಿನ ದಿನವೇ ಟ್ರ್ಯಾಕ್ಟರುಗಳು, ಎತ್ತಿನ ಗಾಡಿಗಳು, ಟೆಂಪೋಗಳು ಗುಡ್ಡದ ಬುಡದಲ್ಲಿ ನೆರೆಯುತ್ತವೆ. ಮೂರು ಕಲ್ಲಿನ ಒಲೆ, ಹೊಗೆ, ಬೇವಿನ ಸೊಪ್ಪು, ಭಂಡಾರದ ಹಳದಿ ಧೂಳು, ಚೌಡಿಕೆಯ ಸದ್ದು, ಅದರ ಮೇಲೆ ಉಧೋ ಉಧೋ ಎಂಬ ಕೂಗು. ಪಡಲಿಗೆ ಹೊತ್ತ ಹೆಂಗಸರು ಸಾಲಾಗಿ ಮೆಟ್ಟಿಲು ಏರುತ್ತಾರೆ. ಮುತ್ತು ಕಟ್ಟುವುದು ಅಪರಾಧ ಎಂದು ಹೇಳುವ ಫಲಕಗಳೂ ಅಲ್ಲಲ್ಲಿ ಇರುತ್ತವೆ, ಪೊಲೀಸರೂ ಇರುತ್ತಾರೆ. 1982ರ ಕಾಯ್ದೆ ದೇವದಾಸಿ ಬಿಡುವುದನ್ನು ನಿಷೇಧಿಸಿತು. ಕಾಯ್ದೆ ಬಂದು ಇಷ್ಟು ವರ್ಷವಾದರೂ ಫಲಕ ಬೇಕಾಗಿದೆ ಎನ್ನುವುದು ನಮ್ಮ ತಾಲ್ಲೂಕಿನ ದುಃಖ.

ಆ ದಿನ ಹನ್ನೆರಡರ ನಿಯಮ ನನಗೆ ನೆನಪಾಗಲಿಲ್ಲ. ಉದ್ದನೆಯ ಲೆನ್ಸು ತಗುಲಿಸಿಕೊಂಡು ಕೋಟೆಗೋಡೆಯ ಒಂದು ಕಟ್ಟೆ ಹತ್ತಿ ನಿಂತಿದ್ದೆ. ಕೆಳಗೆ ಜನರ ಹೊಳೆ. ಅದರ ನಡುವೆ ಒಬ್ಬ ಮುದುಕಿ ಕಂಡಳು. ಸೆರಗು ಜಾರಿ ಕೂದಲು ಬಿಚ್ಚಿಕೊಂಡಿತ್ತು, ಹಣೆಯ ಭಂಡಾರ ಬೆವರಿಗೆ ಇಳಿದು ಕೆನ್ನೆಯ ಮೇಲೆ ಗೆರೆಯಾಗಿತ್ತು, ಬಾಯಿ ತೆರೆದಿತ್ತು, ಒಂದು ಕೈ ಮೇಲೆತ್ತಿ ಅವಳು ಏನನ್ನೋ ಕೂಗುತ್ತಿದ್ದಳು. ಸುತ್ತ ಜನ ಸರಿದು ಅವಳೊಬ್ಬಳೇ ಉಳಿದಂತಿತ್ತು. ಮತ್ತೆ ಕಣ್ಣು. ಕಣ್ಣು ನೇರವಾಗಿ ನನ್ನ ಲೆನ್ಸಿನೊಳಕ್ಕೇ ಇತ್ತು.

ಹನ್ನೊಂದು ಸಲ ಒತ್ತಿದೆ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ನಾಲ್ಕು ನಿಮಿಷ. ಇದು ನನ್ನ ನೆನಪಿನ ಲೆಕ್ಕವಲ್ಲ; ಪ್ರತಿ ಚಿತ್ರದ ಬೆನ್ನಿಗೂ ಕ್ಯಾಮೆರಾ ಗಂಟೆ, ನಿಮಿಷ, ಸೆಕೆಂಡು ಬರೆದಿಡುತ್ತದೆ.

ಏಳನೆಯ ಚಿತ್ರವನ್ನು ಆರಿಸಿ ಪಕ್ಕದ ಜಿಲ್ಲೆಯ ಒಂದು ಸ್ಪರ್ಧೆಗೆ ಕಳಿಸಿದೆ. 'ಭಕ್ತಿಯ ಪರಾಕಾಷ್ಠೆ' ಎಂದು ಹೆಸರು ಕೊಟ್ಟೆ. ಮೂರನೇ ಬಹುಮಾನ ಬಂತು. ತೀರ್ಪುಗಾರರೊಬ್ಬರು ಆ ಕಣ್ಣುಗಳ ಬಗ್ಗೆಯೇ ಐದು ನಿಮಿಷ ಮಾತಾಡಿದರು: ನೋಡುಗನನ್ನು ಬಿಡುವುದಿಲ್ಲ, ಏನನ್ನೋ ಕೇಳುತ್ತವೆ. ಚಿತ್ರ ಫೋನಿನಿಂದ ಫೋನಿಗೆ ಹೋಯಿತು. ಯಾರೋ ನನ್ನ ಶೀರ್ಷಿಕೆ ತೆಗೆದು 'ಮೌಢ್ಯದ ಮುಖ' ಎಂದು ಬರೆದು ಹಂಚಿದರು. ನನಗೆ ಸಿಟ್ಟು ಬಂತು. ಭಕ್ತಿಯನ್ನು ಮೌಢ್ಯ ಎಂದದ್ದಕ್ಕಲ್ಲ, ನನ್ನ ಹೆಸರು ಬಿಟ್ಟಿದ್ದಕ್ಕೆ. ಮುಖ್ಯೋಪಾಧ್ಯಾಯರು ದೊಡ್ಡ ಪ್ರಿಂಟ್ ಹಾಕಿಸಿ ಪ್ರಯೋಗಾಲಯದ ಗೋಡೆಗೆ ಹಾಕೋಣ ಎಂದರು. ಹಾಕಿದೆವು.

ಮೂರನೇ ದಿನ ಒಂಬತ್ತನೇ ತರಗತಿಯ ಆ ಹುಡುಗಿ ಬೆಲ್ ಹೊಡೆದ ಮೇಲೂ ಬಾಗಿಲಲ್ಲಿ ನಿಂತಿದ್ದಳು.

"ಸರ್, ಅದು ನಮ್ಮಜ್ಜಿ."

ನಾನು ಖುಷಿಯಾಗಿ, "ಹೌದಾ? ಹೇಳಲೇ ಇಲ್ಲ ನೀನು. ಅಜ್ಜಿಗೆ ಮೈಮೇಲೆ ಬರ್ತದಾ?" ಎಂದೆ.

"ಇಲ್ಲ ಸರ್. ಅವತ್ತು ನನ್ ತಮ್ಮ ಕಳದಿದ್ದ."

ಆಮೇಲೆ ಅವಳು ಹೇಳಿದ್ದು ಇಷ್ಟು. ನಾಲ್ಕು ವರ್ಷದ ತಮ್ಮ ಅಜ್ಜಿಯ ಕೈ ಬಿಡಿಸಿಕೊಂಡು ಜನರೊಳಗೆ ಹೋಗಿಬಿಟ್ಟಿದ್ದ. ಅರ್ಧ ಗಂಟೆ ಸಿಕ್ಕಿರಲಿಲ್ಲ. ಅಜ್ಜಿ ಅವನ ಹೆಸರು ಹಿಡಿದು ಕೂಗುತ್ತಿದ್ದಳು. ಕೊನೆಗೆ ಮೇಲಿನ ಬಾಗಿಲ ಹತ್ತಿರ ಬಳೆ ಮಾರುವ ಒಬ್ಬ ಹೆಂಗಸು ಅವನನ್ನು ತನ್ನ ಬುಟ್ಟಿಯ ಪಕ್ಕ ಕೂರಿಸಿಕೊಂಡು ಮಂಡಕ್ಕಿ ತಿನ್ನಿಸುತ್ತಿದ್ದಳಂತೆ. ಸಿಕ್ಕ. ಏನೂ ಆಗಿರಲಿಲ್ಲ. "ಆದ್ರ ಸರ್, ಅದನ್ನ ತೆಗೀರಿ" ಎಂದಳು. ಗೋಡೆಯಿಂದ ತೆಗೆಯಿರಿ ಎಂದು ಅವಳ ಅರ್ಥ. ನನ್ನ ಕಿವಿಗೆ ಆ ಕ್ರಿಯಾಪದ ಎರಡು ಸಲ ಕೇಳಿಸಿತು.

ಚಿತ್ರ ತೆಗಿ, ಗೋಡೆಯಿಂದ ತೆಗಿ, ಮರ್ಯಾದೆ ತೆಗಿ. ಕನ್ನಡದಲ್ಲಿ ಮೂರೂ ಒಂದೇ. "ನಾಕು ಮಂದ್ಯಾಗ ನನ್ ಮಾನ ತೆಗಿಬ್ಯಾಡ" ಅನ್ನುತ್ತೇವಲ್ಲ, ಆ ತೆಗೆಯುವುದೂ ಇದೇ.

ಭಾನುವಾರ ಅವರ ಊರಿಗೆ ಹೋದೆ. ಅಪರಾಧಿಯ ಹಾಗೆ ಹೋದವನಿಗೆ ಮೊದಲು ಸಿಕ್ಕಿದ್ದು ಚಹಾ. ಅಜ್ಜಿ ಸೊಪ್ಪು ಸೋಸುತ್ತಾ ಕೂತಿದ್ದಳು. "ಬರ್ರಿ ಮೇಷ್ಟ್ರೆ" ಎಂದಳು. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

"ನಿಮ್ಮನ್ನ ನೋಡೇನಲ್ರಿ. ಗ್ವಾಡಿ ಮ್ಯಾಲ ನಿಂತಿದ್ರಿ. ಕರೀದೊಂದು ಉದ್ದಂದು ಹಿಡಕೊಂಡಿದ್ರಿ."

"ಹೌದಜ್ಜಿ."

"ಪೇಪರ್ನೋರು ಇರಬೇಕು, ಎತ್ತರದಾಗ ನಿಂತಾರ, ಅವರಿಗೆ ಕಾಣ್ತತಿ ಅಂದ್ಕೊಂಡೆ. ಹುಡುಗ ಕಾಣ್ತಾನೇನ್ರಿ ಅಂತ ಎಷ್ಟ್ ಸಲ ಕೂಗಿದೆ ನಿಮ್ಮನ್ನ. ಕೇಳ್ಲಿಲ್ಲೇನ್ರಿ?"

ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು. ಗದ್ದಲ ಇತ್ತಲ್ಲ, ಕೇಳಿಸದೆ ಇರಬಹುದು ಎಂದು ತಾನೇ ಉತ್ತರವನ್ನೂ ಹೇಳಿದಳು.

ತೀರ್ಪುಗಾರರು ಹೇಳಿದ್ದು ಸರಿಯಿತ್ತು. ಆ ಕಣ್ಣುಗಳು ಕೇಳುತ್ತಿದ್ದವು. ಯಾರನ್ನು ಕೇಳುತ್ತಿದ್ದವು ಎನ್ನುವುದು ಅವರಿಗೆ ಗೊತ್ತಿರಲಿಲ್ಲ.

ಇದನ್ನು ಎಷ್ಟೋ ರಾತ್ರಿ ತಿರುಗಾಮುರುಗಾ ಮಾಡಿ ಯೋಚಿಸಿದ್ದೇನೆ. ನಾನು ಕೆಟ್ಟವನಾಗಿದ್ದರಿಂದ ಹಾಗಾಯಿತು ಎಂದರೆ ಮುಗಿಯಿತು, ಆದರೆ ಹಾಗಲ್ಲ. ಕ್ಯಾಮೆರಾ ಇಲ್ಲದೆ ಅದೇ ಕಟ್ಟೆಯ ಮೇಲೆ ನಿಂತಿದ್ದರೆ ನಾನು ಖಂಡಿತ ಇಳಿದು ಹೋಗುತ್ತಿದ್ದೆ, ಕಡೇಪಕ್ಷ "ಏನಜ್ಜಿ?" ಎಂದು ಕೂಗುತ್ತಿದ್ದೆ. ಕ್ಯಾಮೆರಾ ನನ್ನನ್ನು ಏನು ಮಾಡಿತು? ವ್ಯೂಫೈಂಡರಿಗೆ ಒಂದು ಕಣ್ಣು ಕೊಟ್ಟರೆ ಇನ್ನೊಂದನ್ನು ಮುಚ್ಚುತ್ತೇವೆ. ಒಂದೇ ಕಣ್ಣಿನಲ್ಲಿ ನೋಡಿದರೆ ದೂರದ ಅಂದಾಜು ಕೆಡುತ್ತದೆ, ಸೂಜಿಗೆ ದಾರ ಪೋಣಿಸಿ ನೋಡಿ ಎಂದು ನಾನೇ ಮಕ್ಕಳಿಗೆ ಮಾಡಿ ತೋರಿಸುತ್ತೇನೆ. ಕಿವಿಯೂ ಹಾಗೇ ಮುಚ್ಚುತ್ತದೆ ಎಂಬುದು ಯಾವ ಪಠ್ಯದಲ್ಲೂ ಇಲ್ಲ. 250ಕ್ಕೆ ಹಿಗ್ಗಿಸಿದ ಲೆನ್ಸಿನಲ್ಲಿ ಅವಳ ಮುಖ ನನಗೆ ಮೊಳದ ದೂರದಲ್ಲಿತ್ತು, ನನ್ನ ಮುಖ ಅವಳಿಗೆ ಕೂಗಳತೆಯಲ್ಲಿತ್ತು. ಎಲ್ಲ ಮೋಸವೂ ಈ ಎರಡು ದೂರಗಳ ನಡುವೆ ಇದೆ. ಹತ್ತಿರದವನ ನೋಟವನ್ನು ನಾನು ತೆಗೆದುಕೊಂಡೆ, ಹತ್ತಿರದವನ ಹೊಣೆಯನ್ನು ತೆಗೆದುಕೊಳ್ಳಲಿಲ್ಲ. ಇನ್ನೊಂದು ಸಂಗತಿಯೂ ಇದೆ. ಜಾತ್ರೆಯಲ್ಲಿ ಕೂದಲು ಬಿಚ್ಚಿ ಕೂಗುವ ಮುದುಕಿ ಎಂದರೆ ಭಕ್ತೆಯೇ ಇರಬೇಕು ಎಂದು ನಾನು ಮನೆಯಿಂದಲೇ ತೀರ್ಮಾನಿಸಿಕೊಂಡು ಹೋಗಿದ್ದೆ. ಮೌಢ್ಯ ಎಂದು ಹಂಚಿದವನೂ ತೀರ್ಮಾನಿಸಿಕೊಂಡೇ ಇದ್ದ. ಇಬ್ಬರೂ ಜಗಳವಾಡಬಹುದಿತ್ತು, ಮೊಮ್ಮಗನನ್ನು ಹುಡುಕುವ ಅಜ್ಜಿ ಇಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಅಂಕಸಮುದ್ರದ ಹುಡುಗ ಕೊಕ್ಕರೆಯ ಮರಿಯ ಬಗ್ಗೆ ಹೇಳಿದ್ದನ್ನು ಬೋರ್ಡಿನ ಮೇಲೆ ಬರೆದವನೇ ನಾನು.

ಇದನ್ನು ಗುಂಪಿನಲ್ಲಿ ಹೇಳಿಕೊಂಡೆ. ಒಂದು ಭಾನುವಾರ ಯಾರೂ ಕ್ಯಾಮೆರಾ ಹೊರಗೆ ತೆಗೆಯಲಿಲ್ಲ, ಚಹಾದಂಗಡಿಯ ಬೆಂಚಿನ ಮೇಲೆ ಹನ್ನೊಂದು ಗಂಟೆಯವರೆಗೆ ವಾದವಾಯಿತು.

ಗೊಬ್ಬರದಂಗಡಿಯ ಹುಡುಗ ಹೇಳಿದ: ಸರ್ ಮಾಡಿದ್ದು ತಪ್ಪು, ಆದರೆ ಕೇಳಿ ತೆಗೆಯಬೇಕು ಎಂಬ ನಿಯಮ ಮಾಡಿದರೆ ಫೋಟೋಗ್ರಫಿ ಸತ್ತಂತೆ. ಕೇಳಿದ ಕೂಡಲೇ ಮುಖ ಬದಲಾಗುತ್ತದೆ. ಸೆರಗು ಸರಿ ಮಾಡಿಕೊಳ್ಳುತ್ತಾರೆ, ಕೈ ಕಟ್ಟಿ ನಿಲ್ಲುತ್ತಾರೆ, ಉಸಿರು ಬಿಗಿ ಹಿಡಿಯುತ್ತಾರೆ. ಅದು ಸುಳ್ಳು ಮುಖ.

ಕಾಕಾ ಬೀಡಿ ಆರಿಸಿ ಹೇಳಿದರು: "ತಮ್ಮಾ, ಕೇಳಿದ ಮ್ಯಾಲ ಬರೋ ಮುಖಾನೂ ಅವರದಾ ಅಲ್ಲೇನು? ಐವತ್ತು ವರ್ಷ ಅದಾ ಮುಖ ತೆಗದೀನಿ ನಾನು. ಮದುವಿಗೆ ಹುಡುಗೀನ ತೋರ್ಸಾಕ, ಮಿಲಿಟ್ರಿಗೆ ಹೋಗೋ ಮಗನ್ನ ನೆನಪಿಗೆ ಇಟ್ಕೊಳ್ಳಾಕ, ಸತ್ತ ಕೂಸಿನ್ನ ತೊಡಿ ಮ್ಯಾಲ ಮಲಗಿಸ್ಕೊಂಡು. ಒಬ್ಬರ್ದೂ ನಾ ತೆಗೀಲಿಲ್ಲ. ಅವರು ತೆಗಿಸ್ಕೊಂಡ್ರು."

ಅಲ್ಲಿ ನನಗೆ ವ್ಯಾಕರಣ ಸಿಕ್ಕಿತು. ತೆಗೆಯುವುದು ಒಂದು, ತೆಗೆಸಿಕೊಳ್ಳುವುದು ಇನ್ನೊಂದು. ಎರಡನೆಯದರಲ್ಲಿ ಕರ್ತೃ ಕ್ಯಾಮೆರಾದ ಎದುರಿಗೆ ಕೂತಿದ್ದಾರೆ. ನಾನು ಬರೀ ಕೈ. ಕಾಕಾನ ಸ್ಟುಡಿಯೋದ ಹಂಸದ ಪರದೆಯ ಮುಂದಿನ ಆ ಬಿಗಿದ ಮುಖಗಳನ್ನು ನಾವು ಸಲಾನು, ಸ್ಪರ್ಧೆ ಎಂದು ಓಡಾಡುವವರು ಹಾಸ್ಯ ಮಾಡುತ್ತೇವೆ. ಜೀವವಿಲ್ಲ, ಸಹಜತೆಯಿಲ್ಲ ಎನ್ನುತ್ತೇವೆ. ಸಹಜತೆ ಯಾರಿಗೆ ಬೇಕು? ನೋಡುವವನಿಗೆ. ಬಿಗಿಯಾಗಿ ಕೂತವರಿಗೆ ತಾವು ಹೇಗೆ ಉಳಿಯಬೇಕು ಎಂಬ ಒಂದು ಅಭಿಪ್ರಾಯವಿದೆ, ಅದು ಚಿತ್ರದಲ್ಲಿ ಮೂಡುತ್ತದೆ. ಸಹಜ ಚಿತ್ರದಲ್ಲಿ ಮೂಡುವುದು ನನ್ನ ಅಭಿಪ್ರಾಯ.

ಇಷ್ಟಕ್ಕೇ ಮಾತು ನಿಂತಿದ್ದರೆ ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದೆ. ಬ್ಯಾಂಕಿನ ಅಕ್ಕ ಬಿಡಲಿಲ್ಲ. "ಹಾಗಾದರೆ ಮುತ್ತು ಕಟ್ಟುವುದನ್ನು ಯಾರು ತೆಗೆಸಿಕೊಳ್ಳುತ್ತಾರೆ? ಯಾರ ಅಪ್ಪಣೆ ಕೇಳಬೇಕು, ಕಟ್ಟುವವರದ್ದಾ?" ಎಂದರು. ಚಂದ್ರಗುತ್ತಿಯನ್ನು ನೆನಪಿಸಿದರು. ಸೊರಬ ತಾಲ್ಲೂಕಿನ ಚಂದ್ರಗುತ್ತಿ ಇದೇ ರೇಣುಕೆಯ ಇನ್ನೊಂದು ನೆಲೆ. ಅಲ್ಲಿ ಬೆತ್ತಲೆ ಸೇವೆ ನಡೆಯುತ್ತಿತ್ತು. 1986ರ ಮಾರ್ಚ್‌ನಲ್ಲಿ ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಗುಂಪು ತಿರುಗಿಬಿದ್ದು ಬಟ್ಟೆ ಕಿತ್ತು ನಡೆಸಿತು. ಕ್ಯಾಮೆರಾ ಹಿಡಿದು ಹೋದವರನ್ನೂ ಬಿಡಲಿಲ್ಲ. ಆಮೇಲೆ ನ್ಯಾಯಮೂರ್ತಿ ಚನ್ನಬಸಪ್ಪ ಆಯೋಗ ವಿಚಾರಣೆ ಮಾಡಿತು, ಸೇವೆಗೆ ನಿಷೇಧ ಬಂತು. ಆ ಸೇವೆಯ ಚಿತ್ರಗಳು ಪತ್ರಿಕೆಗಳಲ್ಲಿ ಬರದೇ ಹೋಗಿದ್ದರೆ ದೂರದ ಊರಿನವರು ನಂಬುತ್ತಿದ್ದರೇ ಎಂಬುದು ಅಕ್ಕನ ಪ್ರಶ್ನೆ. ಅವೇ ಚಿತ್ರಗಳನ್ನು ಎಷ್ಟು ಜನ ಸುಧಾರಣೆಗಾಗಿ ನೋಡಿದರು, ಎಷ್ಟು ಜನ ಸುಮ್ಮನೆ ನೋಡಿದರು ಎಂಬುದು ನರ್ಸ್ ಕೇಳಿದ ಪ್ರಶ್ನೆ. ಹರಕೆ ಹೊತ್ತು ಬಂದ ಹೆಂಗಸಿಗೆ ಕೊನೆಗೆ ಉಳಿದದ್ದು ತನ್ನ ಮೈ ಯಾವುದೋ ಹೋಟೆಲಿನ ಮೇಜಿನ ಮೇಲೆ ಬಿದ್ದಿದೆ ಎಂಬ ಸಂಗತಿಯಲ್ಲವೇ ಎಂದರು.

ಇಬ್ಬರೂ ಹೇಳಿದ್ದು ನಿಜ. ನಾನು ಎರಡನ್ನೂ ಒಂದು ಸೂತ್ರಕ್ಕೆ ಇಳಿಸಲು ಬಹಳ ಪ್ರಯತ್ನಪಟ್ಟೆ, ವಿಜ್ಞಾನದ ಮೇಷ್ಟ್ರ ಚಟ ಅದು. ಆಗಲಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ. ಎಳೆಯ ಹುಡುಗಿಗೆ ಮುತ್ತು ಕಟ್ಟುವುದನ್ನು ಕಂಡರೆ ನಾನು ಅಪ್ಪಣೆ ಕೇಳುವುದಿಲ್ಲ, ತೆಗೆಯುತ್ತೇನೆ; ಆ ಚಿತ್ರ ಅಧಿಕಾರಿಯ ಮೇಜಿಗೆ ಹೋಗುತ್ತದೆ, ಹುಡುಗಿಯ ಮುಖ ಇನ್ನೆಲ್ಲೂ ಕಾಣಬಾರದು. ಅಂಥ ಚಿತ್ರಕ್ಕೆ ಮೂರನೇ ಬಹುಮಾನ ಬರುವುದಿಲ್ಲ, ಶೀರ್ಷಿಕೆಯೂ ಇರುವುದಿಲ್ಲ. ಅಲ್ಲಿ ನಾನು ಸಾಕ್ಷಿ, ಸಾಕ್ಷಿಗೆ ಸಾಕ್ಷಿಯ ಕಷ್ಟಗಳಿವೆ. ನಾನು ಮಾಡಿದ್ದು ಅದಲ್ಲ. ಸಾಕ್ಷಿಯ ಧೈರ್ಯವನ್ನು ಸಾಲ ತಂದು ಚಂದದ ಚಿತ್ರ ಮಾಡಿದ್ದೆ. ಹವ್ಯಾಸಿಗಳಾದ ನಾವು ಹೆಚ್ಚಿನಂಶ ಇದನ್ನೇ ಮಾಡುತ್ತೇವೆ ಎಂಬ ಅನುಮಾನ ನನಗಿದೆ. ಬಡವರ ಸುಕ್ಕು, ಮಕ್ಕಳ ಸಿಂಬಳ, ಜಾತ್ರೆಯ ಜೋಗಮ್ಮ. ಶ್ರೀಮಂತರ ಮದುವೆಮನೆಗೆ ಹೋಗಿ ಕಟ್ಟೆಯ ಮೇಲೆ ನಿಂತು ಉದ್ದ ಲೆನ್ಸಿನಲ್ಲಿ ಅಳುವ ಅತ್ತೆಯನ್ನು ತೆಗೆದವನನ್ನು ನಾನು ಇನ್ನೂ ನೋಡಿಲ್ಲ. ಅಲ್ಲಿ ಮೊದಲು ಕೇಳುತ್ತೇವೆ. ಕೇಳದಿದ್ದರೆ ಏನಾಗುತ್ತದೆಂದು ಗೊತ್ತು.

ಉದ್ದನೆಯ ಲೆನ್ಸು ಈಗ ಹಕ್ಕಿಗಳಿಗೆ ಮಾತ್ರ. ಮನುಷ್ಯರಿಗೆ 50ರದ್ದು. ಅದರಲ್ಲಿ ಮುಖ ತುಂಬಬೇಕಾದರೆ ಒಂದು ಮಾರಿನಷ್ಟು ಹತ್ತಿರ ಹೋಗಬೇಕು, ಅಷ್ಟು ಹತ್ತಿರ ಹೋದರೆ "ಊಟ ಆತೇನ್ರಿ" ಎನ್ನದೆ ಇರಲು ಆಗುವುದಿಲ್ಲ. ಮಾತು ಶುರುವಾದರೆ ಅರ್ಧ ಸಲ ಚಿತ್ರವೇ ಆಗುವುದಿಲ್ಲ, ಬೆಳಕು ಹೋಗಿರುತ್ತದೆ. ಸ್ಪರ್ಧೆಗೆ ಕಳಿಸುವುದು ಕಡಿಮೆಯಾಗಿದೆ. ಗುಂಪಿನ ಎಲ್ಲರೂ ನನ್ನ ಹಾಗೆ ಮಾಡುತ್ತಾರೆ ಎಂದಲ್ಲ. ಗೊಬ್ಬರದಂಗಡಿಯ ಹುಡುಗ ಈಗಲೂ ಕೇಳದೇ ತೆಗೆಯುತ್ತಾನೆ, ತೆಗೆದ ಮೇಲೆ ಓಡಿಹೋಗಿ ತೋರಿಸುತ್ತಾನೆ, ಬೇಡವೆಂದರೆ ಅವರ ಎದುರಿಗೇ ಅಳಿಸುತ್ತಾನೆ. ಅವನ ಚಿತ್ರಗಳು ನನ್ನವಕ್ಕಿಂತ ಚೆನ್ನಾಗಿವೆ. ಅದನ್ನು ಒಪ್ಪಿಕೊಳ್ಳಲೇಬೇಕು.

ಆ ದಿನ ಅಜ್ಜಿಯ ಮನೆಯಲ್ಲಿ ಇನ್ನೂ ಒಂದು ಸಂಗತಿ ನಡೆಯಿತು. ಕ್ಷಮೆ ಕೇಳಿ ಏಳುವ ಹೊತ್ತಿಗೆ ಅವಳು, "ಎಲ್ಲಿ, ತೋರ್ಸ್ರಿ ಅದನ್ನ" ಎಂದಳು. ಗೋಡೆಯಿಂದ ಇಳಿಸಿದ ಪ್ರಿಂಟನ್ನು ಸುರುಳಿ ಸುತ್ತಿ ತಂದಿದ್ದೆ. ಮೊಮ್ಮಗಳು ಒಂದು ತುದಿ ಹಿಡಿದಳು, ನಾನು ಇನ್ನೊಂದು. ಅಜ್ಜಿ ತುಂಬ ಹೊತ್ತು ನೋಡಿದಳು.

"ಅಯ್ಯ, ಹಲ್ಲ ಕಾಣವಲ್ಲವು" ಎಂದಳು. "ಸೀರಿ ನೋಡು, ಹರದೈತಿ ಅಂಚು. ಹೊಸಾ ಸೀರಿ ಪೆಟ್ಟಿಗ್ಯಾಗ ಇತ್ತು." ಮತ್ತೆ ನೋಡಿ, ಮೆಲ್ಲಗೆ, "ಹಿಂಗ ಆಗಿದ್ನಾ ನಾ ಅವತ್ತು" ಎಂದಳು.

ಪ್ರಿಂಟನ್ನು ಹರಿದು ಹಾಕುತ್ತೇನೆ ಎಂದೆ. ಬೇಡ, ಕಾಗದ ದಪ್ಪ ಐತಿ ಎಂದು ಇಸಿದುಕೊಂಡು ಒಳಗೆ ಇಟ್ಟಳು. ಹೊರಗೆ ಬಂದಾಗ ಹಸಿರು ಸೀರೆ ಉಟ್ಟಿದ್ದಳು, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ಪ್ಲಾಸ್ಟಿಕ್ ಕುರ್ಚಿಯನ್ನು ಬೇವಿನ ಮರದ ಕೆಳಗೆ ತಾನೇ ಎಳೆದು ಹಾಕಿಸಿ, ಮೊಮ್ಮಗನನ್ನು ಪಕ್ಕದಲ್ಲಿ ನಿಲ್ಲಿಸಿ ಅವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಈಗ ತೆಗೀರಿ. ದೊಡ್ಡದು ಮಾಡಿಸ್ರಿ. ನಾ ಹ್ವಾದಾಗ ಗ್ವಾಡಿಗೆ ಬೇಕಾಗ್ತತಿ."

ತೆಗೆದೆ. ಅವಳು ಉಸಿರು ಬಿಗಿ ಹಿಡಿದು, ಬಾಯಿ ಮುಚ್ಚಿ, ಲೆನ್ಸನ್ನೇ ನೋಡಿದಳು. ನಾನು ಮೊದಲೇ ಒತ್ತಿದ್ದು ಗೊತ್ತಾಗದೆ ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯವರು ಬಂದರು, ಮೇಷ್ಟ್ರು ಫೋಟೋ ತೆಗೀತಾರಂತೆ ಎಂದು ಓಣಿಯೆಲ್ಲ ಸುದ್ದಿಯಾಯಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗಂಡಸರು, ಬಾಣಂತಿಯೊಬ್ಬಳು, ಹೊಸ ಬೈಕಿನ ಜೊತೆ ಒಬ್ಬ ಹುಡುಗ, ತನ್ನ ಎತ್ತಿನ ಜೊತೆಗೆ ಮಾತ್ರ ತೆಗೆಸಿಕೊಳ್ಳುತ್ತೇನೆ ಎಂದು ಹಟ ಹಿಡಿದ ಒಬ್ಬ ಅಜ್ಜ. ಎಲ್ಲರೂ ಅದೇ ಕುರ್ಚಿ, ಅದೇ ಬೇವಿನ ಮರ. ಎಣಿಸಿದರೆ ಹದಿನಾಲ್ಕು ಆಗಿತ್ತು. ಕಾಕಾನ ನಿಯಮ ಎರಡು ಮೀರಿತ್ತು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ಹನ್ನೆರಡು ಚೆನ್ನಾಗಿವೆ. ಬಾಣಂತಿಯದ್ದೂ ಎತ್ತಿನ ಅಜ್ಜನದ್ದೂ ಕಣ್ಣು ಮುಚ್ಚಿವೆ. ಮುಂದಿನ ಭಾನುವಾರ ಕಾಪಿ ಕೊಡಲು ಹೋದಾಗ ಆ ಇಬ್ಬರನ್ನು ಮತ್ತೆ ಕೂರಿಸಬೇಕು. ಎತ್ತು ಹೊಲಕ್ಕೆ ಹೋಗುವುದರೊಳಗೆ ಹೋಗಬೇಕು.